ಕೊನೆಯ ಸಲ ಕಂಡ ಹೊತ್ತು

2025ರ ಜುಲೈ 6. ಹನ್ನೊಂದು ಮಂದಿ ನರ್ಸ್‌ಗಳು ಆಲ್ಕೊಳದ ಆ ಮನೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದಾಗ, ಷಡಕ್ಷರಪ್ಪನವರು ತೀರಿಹೋದ ಹೆಂಡತಿಯ ಎಡಗೈ ಬೆರಳುಗಳನ್ನು ಬಿಡಿಸಲು ಯತ್ನಿಸುತ್ತಿದ್ದರು. ಅಂಗೈ ತೆರೆಯದೆ ಇಷ್ಟಲಿಂಗವನ್ನು ಇರಿಸುವಂತಿಲ್ಲ. ಅಯ್ಯನವರು ಕಾಯುತ್ತಿದ್ದರು.

"ಅತ್ತಿಗೆ ಫೋನ್ ಹಿಡಿದೂ ಹಿಡಿದೂ ಬೆರಳು ಹಾಗೇ ನಿಂತ್ಬಿಟ್ಟಿದಾವೆ ಕಣಣ್ಣ," ಎಂದ ಅವರ ತಮ್ಮ ಪ್ರಕಾಶ್.

ನರ್ಸ್‌ಗಳಲ್ಲಿ ಒಬ್ಬಳು ನಕ್ಕೇಬಿಟ್ಟಳು. ಮರುಕ್ಷಣ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಭದ್ರಾವತಿಯಿಂದ ಬಂದಿದ್ದ ಪುಷ್ಪಾ ಮುಂದೆ ಬಂದು, "ಎಳೀಬೇಡಿ ಯಜಮಾನ್ರೇ, ಬಿಡಿ," ಎಂದು ಮಣಿಕಟ್ಟನ್ನು ಮೆಲ್ಲಗೆ ತಿಕ್ಕತೊಡಗಿದಳು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಅಯ್ಯನವರು ಲಿಂಗವನ್ನು ಇರಿಸಿದರು.

ಹೆಂಡತಿ ಜಗದಾಂಬಾ ನರ್ಸ್ ಕೆಲಸದಿಂದ ನಿವೃತ್ತಳಾಗಿ ಮೂರು ವರ್ಷವಾಗಿತ್ತು. ಇಷ್ಟು ಜನ ಒಟ್ಟಿಗೆ ಏಕೆ ಬಂದರೆಂಬುದು ಷಡಕ್ಷರಪ್ಪನವರಿಗೆ ತಿಳಿಯಲಿಲ್ಲ.

*

2021ರ ಮೇ ತಿಂಗಳು. ರಾತ್ರಿ ಪಾಳಿ ಮುಗಿಸಿ ಬಂದ ಜಗದಾಂಬಾ ಸ್ನಾನ ಮಾಡಿ ಜಗಲಿಯಲ್ಲಿ ಕೂತರೆ ಎಡ ಅಂಗೈಯಲ್ಲಿ ಫೋನ್. ಬರೆಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನೋಡುತ್ತಿದ್ದಳು, ಬೆರಳಿನಿಂದ ಸರಿಸುತ್ತಿದ್ದಳು, ಮತ್ತೆ ನೋಡುತ್ತಿದ್ದಳು.

"ಲಿಂಗ ಹಿಡಿಯೋ ಕೈಲಿ ಇದನ್ನ ಹಿಡ್ಕೊಂಡು ಕೂತಿದೀಯಲ್ಲ ಮಾರಾಯ್ತಿ," ಎಂದರು ಪೂಜೆ ಮುಗಿಸಿ ಬಂದ ಷಡಕ್ಷರಪ್ಪ.

"ನಿಮ್ ಪೂಜೆ ಮುಗೀತಲ್ಲ. ನಂದಿನ್ನೂ ಮುಗಿದಿಲ್ಲ."

"ಯಾರಿದಾರೆ ಅದ್ರೊಳಗೆ?"

"ನಮ್ಮೋರು."

ಆಮೇಲೊಂದು ದಿನ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿ ಹೋದಳು. ಮಧ್ಯಾಹ್ನ ಬಂದಳು; ಎಲ್ಲಿಗೆ ಹೋಗಿದ್ದೆನೆಂದು ಹೇಳಲಿಲ್ಲ. ಅವಳ 'ನಮ್ಮೋರು' ಎಂಬ ಲೆಕ್ಕದಲ್ಲಿ ತಾನು ಸೇರಿದ್ದೇನೋ ಇಲ್ಲವೋ ಎಂಬುದು ಷಡಕ್ಷರಪ್ಪನವರಲ್ಲಿ ಮುಳ್ಳಿನಂತೆ ಉಳಿಯಿತು. ಅವರು ಮತ್ತೆ ಕೇಳಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಪುಷ್ಪಾಳನ್ನು ಕರೆದು ಕೇಳಿದರು: "ನಿನಗೆ ಗೊತ್ತಿದ್ರೆ ಹೇಳು ತಾಯಿ. ಆ ಫೋನೊಳಗೆ ಯಾರಿದ್ರು?"

"ನಾವೇ. ಕೊರೊನಾ ವಾರ್ಡಲ್ಲಿ ಹನ್ನೆರಡು ಜನ ನರ್ಸ್‌ಗಳಿಗೆ ಪಾಸಿಟಿವ್ ಬಂತು. ಒಬ್ಬೊಬ್ರೂ ಅವರವರ ಮನೇಲಿ ಒಂದೊಂದು ರೂಮಲ್ಲಿ. ನಮ್ಮಲ್ಲೊಬ್ಳು, ಶೀಲಾ, ಬೆಳಗಿನ ಜಾವ ತೀರ್ಹೋಗಿದ್ಲು, ಗೊತ್ತಾಗಿದ್ದು ಮಧ್ಯಾಹ್ನ. ಆವತ್ತಿಂದ ಅಕ್ಕ ನಮ್ ಲಾಸ್ಟ್ ಸೀನ್ ನೋಡೋಕೆ ಶುರು ಮಾಡಿದ್ರು. ಯಾರು ಎಷ್ಟೊತ್ತಿಗೆ ಕೊನೇ ಸಲ ವಾಟ್ಸಾಪ್ ತೆಗೆದಿದಾರೆ ಅಂತ. ತೆಗೆದಿದ್ರೆ ಜೀವ ಇದೆ ಅಂತ."

"ಫೋನ್ ಮಾಡಬಹುದಿತ್ತಲ್ಲ?"

"ಮಾಡಿದ್ರೆ ನಾವು ಮಾತಾಡ್ಬೇಕಲ್ಲ. ಉಸಿರೆಲ್ಲಿತ್ತು?"

ಪುಷ್ಪಾ ತಲೆ ತಗ್ಗಿಸಿದಳು. "ನಾನು ನನ್ನ ಲಾಸ್ಟ್ ಸೀನ್ ಯಾರಿಗೂ ಕಾಣದ ಹಾಗೆ ಮಾಡಿಟ್ಟೆ. ರಾತ್ರಿಯೆಲ್ಲ ಸಾವಿನ ಸುದ್ದಿ ನೋಡ್ತಾ, ಹೆದರ್ಕೊಂಡು ಎಚ್ಚರ ಇರ್ತೀನಿ ಅಂತ ಗೊತ್ತಾಗ್ಬಾರ್ದು ಅಂತ. ಬೆಳಿಗ್ಗೆ ನೋಡಿದ್ರೆ ಕಾಗದನಗರದ ನಮ್ಮನೆ ಗೇಟ್ ಮುಂದೆ ಅಕ್ಕ. 'ನಾನು ಸಾಯೋದನ್ನ ಕಾಯ್ತಿದೀರಾ?' ಅಂತ ಕಿಟಕಿಯಿಂದ ಕೂಗ್ದೆ. ಸುಮ್ನೆ ಸ್ಕೂಟರ್ ತಿರುಗಿಸಿದ್ರು. ಸಂಜೆ ಒಂದೇ ಮೆಸೇಜ್: 'ಉಸಿರು ಹೇಗಿದೆ?' ಓದಿ ಬಿಟ್ಟೆ. ಇವತ್ತಿಗೂ ಉತ್ತರ ಕೊಟ್ಟಿಲ್ಲ."

"ನನಗೆ ಒಂದು ಮಾತು ಹೇಳಲಿಲ್ಲ ಅವಳು."

"ನೀವು ಕೇಳಿದ್ರಾ?"

ಷಡಕ್ಷರಪ್ಪನವರು ಎದ್ದು ಒಳಗೆ ಹೋದರು. ಜಗದಾಂಬಾಳ ಫೋನ್ ಕಿಟಕಿಯ ಬಳಿ ಇತ್ತು. ಅದಕ್ಕೆ ಎಂದೂ ಬೀಗವಿರಲಿಲ್ಲ. ಮುಟ್ಟದೆ ಇದ್ದವರು ಅವರೇ. ಕೈಗೆತ್ತಿಕೊಳ್ಳುವಾಗಲೇ ಅದೊಮ್ಮೆ ಅದುರಿತು. ತೆರೆದರು. ಹೆಸರುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ, ಕೆಳಗಿಳಿಯದಂತೆ ಪಿನ್ ಮಾಡಿ ಇರಿಸಿದ್ದುದು ಅವರದೇ ಹೆಸರು. ಅದರ ಕೆಳಗೆ, ಈಗಷ್ಟೇ ಬಂದದ್ದು, ಪುಷ್ಪಾಳದು. ಫೋನನ್ನು ಎಡ ಅಂಗೈಗೆ ಬದಲಿಸಿಕೊಂಡು ಬಹಳ ಹೊತ್ತು ನೋಡಿದರು. ಅನಂತರ ಆ ಎರಡನೆಯ ಹೆಸರನ್ನು ಒತ್ತಿದರು.

ಹೊರಗೆ, ಅಂಗಳದಲ್ಲಿ, ಪುಷ್ಪಾ ತಾನು ಕಳಿಸಿದ ಸಾಲನ್ನೇ ನೋಡುತ್ತ ಕೂತಿದ್ದಳು: 'ಸರಾಗವಾಗಿದೆ ಅಕ್ಕ.' ಅದರ ಪಕ್ಕದ ಎರಡು ಬೂದು ಟಿಕ್‌ಗಳು ಅವಳ ಕಣ್ಣೆದುರೇ ನೀಲಿಯಾದವು.