ಮಾಸದ ನೀಲಿ

ಡ್ವೈಟ್ ಎಬರ್‌ಸೋಲ್‌ನ ನೆಮ್ಮದಿ ಕೆಡಿಸಿದವನು ನಾನೇ. ಅದಕ್ಕಾಗಿ ಒಂದು ಮಾತನ್ನೂ ಆಡಲಿಲ್ಲ. ಭೂತಗನ್ನಡಿ ಹಿಡಿದು ಅವನ ರಿವಾಲ್ವರನ್ನು ನೋಡುತ್ತಾ ತುಸು ಹೆಚ್ಚು ಹೊತ್ತು ಸುಮ್ಮನಿದ್ದೆ, ಅಷ್ಟೇ.

ನಾವಿಬ್ಬರೂ ಓಹಾಯೋದವರು, ಮೂವತ್ತು ವರ್ಷದಿಂದ ಹಳೆಯ ರಿವಾಲ್ವರುಗಳ ಹಿಂದೆ ಬಿದ್ದವರು. ತೋಟಾ ಬರುವುದಕ್ಕೂ ಮೊದಲಿನವು: ಮದ್ದು, ಗುಂಡು ಬೇರೆ ಬೇರೆಯಾಗಿ ತುಂಬಿ, ಹಿಂದೆ ತಾಮ್ರದ ಪುಟ್ಟ ಟೋಪಿ ಸಿಕ್ಕಿಸಿ ಹೊಡೆಯುವಂಥವು. ಅಂಥವು ಸಾವಿರಾರು ಉಳಿದಿವೆ. ಆದರೆ ಕಾರ್ಖಾನೆ ಹಾಕಿದ ನೀಲಿ ಬಣ್ಣ ನೂರ ಅರವತ್ತು ವರ್ಷವಾದರೂ ಮಾಸದೆ, ಯಾರೂ ಉಜ್ಜದೆ, ತಿದ್ದದೆ ಉಳಿದವು ಬೆರಳೆಣಿಕೆಯಷ್ಟು. ಡ್ವೈಟ್‌ನದು ಅಂಥದ್ದು. ಗುಂಡು ತುಂಬುವ ಸಿಲಿಂಡರಿನ ಸುತ್ತ ಕೊರೆದ ಸಮುದ್ರಯುದ್ಧದ ಚಿತ್ರದಲ್ಲಿ ಹಡಗಿನ ಹಗ್ಗಗಳನ್ನೂ ಎಣಿಸಬಹುದಿತ್ತು. ನಮ್ಮ ಸಂಘದ ಪ್ರದರ್ಶನದಲ್ಲಿ ಎರಡು ಸಲ ಅದಕ್ಕೇ ಮೊದಲ ಬಹುಮಾನ.

ಉಕ್ಕಿಗೆ ಅಕ್ಷರದ ಅಚ್ಚು ಹೊಡೆದಾಗ ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ. ಆಮೇಲೆ ಉಜ್ಜಿದರೆ ಅದು ಹೋಗುತ್ತದೆ. ಅವನ ರಿವಾಲ್ವರಿನ ನಳಿಗೆಯ ಮೇಲಿನ ಅಕ್ಷರಗಳಲ್ಲಿ ಆ ಅಂಚು ನನಗೆ ಕಾಣಲಿಲ್ಲ.

"ಯಾಕೋ ಸುಮ್ಮನಾದೆ?" ಎಂದ ಡ್ವೈಟ್.

"ಏನಿಲ್ಲ. ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋಕೆ ಇಷ್ಟೊತ್ತು ಬೇಕಾ ನಿಂಗೆ?"

ವಾರದೊಳಗೆ ಅವನ ಹೆಂಡತಿ ನಡೀನ್ ಫೋನು ಮಾಡಿದಳು. "ಮರ್ಲ್, ಏನು ಹೇಳಿದೀರಿ ಇವ್ರಿಗೆ? ಕೂತಲ್ಲಿ ಕೂರಲ್ಲ. ತಟ್ಟೇಲಿ ಮೊಟ್ಟೆ ಆರ್ತಾ ಇರತ್ತೆ, ಇವ್ರು ಕಿಟಕಿ ಹತ್ರ ಆ ರಿವಾಲ್ವರ್ ಹಿಡ್ಕೊಂಡು ನಿಂತಿರ್ತಾರೆ. ಬೆಳಕು ಸಾಲ್ದು ಅಂತ ಅಂಗಳಕ್ಕೆ ಹೋಗ್ತಾರೆ. ಪಕ್ಕದ ಮನೆಯವಳು ಹೆದರ್ಕೊಂಡು ಪರದೆ ಎಳ್ಕೋತಾಳೆ."

ಡ್ವೈಟ್ ತನಗೆ ಅದನ್ನು ಮಾರಿದವನನ್ನು ಹುಡುಕಿಕೊಂಡು ಹೋದ. ಆ ಮಾರಾಟಗಾರನಿಗೆ ಅದನ್ನು ಮಾರಿದ್ದವನು ತೀರಿಕೊಂಡಿದ್ದ. ಆದರೆ ಆ ಸತ್ತವನ ಮಗಳು ಇದ್ದಳು. "ಅಪ್ಪ ಅದನ್ನ ಇಂಡಿಯಾನಾದಲ್ಲಿ ಯಾರೋ ಕ್ರಾಫ್ಟ್ ಅನ್ನೋರ ಹತ್ರ ಸರಿಮಾಡಿಸಿದ್ರು," ಎಂದಳಂತೆ.

ಡ್ವೈಟ್ ಒಬ್ಬನೇ ಹೋಗಲಾರೆನೆಂದ. ನಾನೇ ಕಾರು ಓಡಿಸಿದೆ.

ಆಲ್ವಿನ್ ಕ್ರಾಫ್ಟ್‌ಗೆ ಎಂಬತ್ತೆಂಟು. ಮನೆಯ ಹಿಂದಿನ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಟ್ಟುಕೊಂಡು ಕೂತಿದ್ದ. ಕೈ ಒರೆಸಿಕೊಂಡು ರಿವಾಲ್ವರನ್ನು ತೆಗೆದುಕೊಂಡ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ಹೆಬ್ಬೆರಳಿನಿಂದ ಸಿಲಿಂಡರನ್ನು ಸವರಿದ.

"ಬಂದ್ಯಾ?" ಎಂದ, ನಮಗಲ್ಲ, ಅದಕ್ಕೆ.

ಡ್ವೈಟ್ ಗೋಡೆಗೆ ಒರಗಿದ.

"ಮೂರನೇ ಹಡಗಿನ ಹಾಯಿ ನೋಡಿ. ನನ್ ಹೆಂಡ್ತಿ ಆವತ್ತು ಹೆರಿಗೆಗೆ ಸೇರಿದ್ಲು, ಕೈ ನಿಲ್ತಿರ್ಲಿಲ್ಲ, ಉಳಿ ಜಾರ್ತು. ಇನ್ನೊಂದು ಗೆರೆ ಎಳೆದು ಮುಚ್ಚಿದೆ. ಇದು ಬಂದಾಗ ಬರೀ ತುಕ್ಕು ಕಣಪ್ಪ. ಹದಿನಾಲ್ಕು ತಿಂಗಳು ಕೂತಿದೀನಿ."

"ಹೊಸದಾಗಿ ಮಾಡಿದ್ದು ಅಂತ ಯಾರಿಗೂ ಹೇಳ್ಲಿಲ್ವಾ ನೀವು?" ಎಂದ ಡ್ವೈಟ್.

"ಮಾಡಿಸಿದೋರಿಗೆ ಗೊತ್ತಿತ್ತು. ಕೈ ಬದಲಾಗ್ತಾ ಆಗ್ತಾ ಮಾತು ಉದುರಿಹೋಯ್ತು. ಅದಕ್ಕೆ ನಾನೇನ್ ಮಾಡ್ಲಿ?" ಮುದುಕ ಅದನ್ನು ಹಿಂದಕ್ಕೆ ಕೊಡಲು ಬಹಳ ಹೊತ್ತು ತೆಗೆದುಕೊಂಡ. "ಐವತ್ತು ವರ್ಷ ಆಯ್ತು. ಚೆನ್ನಾಗಿ ನೋಡ್ಕೊಂಡಿದೀರಿ."

ವಾಪಸು ಬರುವಾಗ ಡ್ವೈಟ್ ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು ಮೂರನೇ ಹಡಗಿನ ಹಾಯಿಯನ್ನೇ ನೋಡುತ್ತಿದ್ದ. ಆಮೇಲೆ, "ನಿಂಗೆ ಆವತ್ತೇ ಗೊತ್ತಾಯ್ತು ಅಲ್ವಾ?" ಎಂದ.

"ಅನುಮಾನ ಬಂತು."

"ಹೇಳ್ಬೇಕಿತ್ತು ಕಣೋ."

"ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ. ಹೊಡೀತಿದ್ದೆ."

ಸುಮ್ಮನಿದ್ದುಬಿಡು, ಇನ್ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದೆ. ಅವನು ಕೇಳಲಿಲ್ಲ. ಎರಡೂ ಬಹುಮಾನಗಳನ್ನು ಸಂಘಕ್ಕೆ ಹಿಂದಿರುಗಿಸಿದ. ಮುಂದಿನ ಪ್ರದರ್ಶನದಲ್ಲಿ ಅದೇ ರಿವಾಲ್ವರನ್ನು ಮೇಜಿನ ಮೇಲಿಟ್ಟು, 'ಬಣ್ಣ, ಕೆತ್ತನೆ: ಆಲ್ವಿನ್ ಕ್ರಾಫ್ಟ್' ಎಂದು ಚೀಟಿ ಬರೆದ. ಪಕ್ಕದ ಕುರ್ಚಿಯಲ್ಲಿ ಕ್ರಾಫ್ಟ್, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಟೊಲೆಡೊದ ಒಬ್ಬ ಸಂಗ್ರಾಹಕ ಚೀಟಿ ಓದಿ, "ನಮಗೆಲ್ಲ ಟೋಪಿ ಹಾಕಿದ ಮಹಾನುಭಾವರು ಇವ್ರೇನಾ?" ಎಂದ.

"ನಿಮ್ದು ತನ್ನಿ," ಎಂದ ಕ್ರಾಫ್ಟ್. "ನಿಮಗೂ ಹಾಕಿದೀನೋ ಇಲ್ವೋ ಹೇಳ್ತೀನಿ."

ಸುತ್ತಲಿದ್ದವರು ನಕ್ಕರು. ನಗು ಬೇಗ ನಿಂತಿತು. ಆತ ಹೋದವನು ತನ್ನ ಪೆಟ್ಟಿಗೆ ಹಿಡಿದು ಬಂದ. ಅವನ ಹಿಂದೆ ಇನ್ನೊಬ್ಬ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜನ, ಪೆಟ್ಟಿಗೆಗಳನ್ನು ಎದೆಗೊತ್ತಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಸಾಲಿನಲ್ಲಿ ನಿಂತಿದ್ದರು. ಕ್ರಾಫ್ಟ್ "ನನ್ ಕೆಲಸ ಅಲ್ಲ," ಎಂದರೆ ಉಸಿರು ಬಿಟ್ಟು ಹೋಗುತ್ತಿದ್ದರು. ಇಬ್ಬರ ರಿವಾಲ್ವರುಗಳನ್ನು ಮಾತ್ರ ಹೆಬ್ಬೆರಳಿನಿಂದ ಸವರಿ, "ಬಂದ್ಯಾ?" ಎಂದ.

ನನ್ನ ಪೆಟ್ಟಿಗೆ ಹಿಡಿದು ನಾನೂ ಸಾಲಿನಲ್ಲಿದ್ದೆ. ಮುಂದೆ ಇಬ್ಬರೇ ಉಳಿದಾಗ, ಕಾಫಿ ತರುತ್ತೇನೆಂದು ಹೊರಬಿದ್ದೆ. ಮತ್ತೆ ಒಳಗೆ ಹೋಗಲಿಲ್ಲ. ಕ್ರಾಫ್ಟ್ ಮರುವರ್ಷ ತೀರಿಕೊಂಡ. ಡ್ವೈಟ್ ಈಗ ಚೆನ್ನಾಗಿ ಉಣ್ಣುತ್ತಾನೆ, ಮಲಗುತ್ತಾನೆ ಎಂದು ನಡೀನ್ ಹೇಳುತ್ತಾಳೆ.