ಐವತ್ತೆರಡನೆಯ ನಿಮಿಷ

ಬೆಳಿಗ್ಗೆ ಹತ್ತೂಕಾಲಿಗೆ ವಿದ್ಯಾ ಕೊಣ್ಣೂರಿನಾಚೆಯ ಆ ಹೊಳೆದಂಡೆಯ ಊರಲ್ಲಿ ಬಸ್ಸಿಳಿದಾಗ ಭೀಮಶಿ ಸತ್ತು ಆರು ತಾಸಾಗಿತ್ತು. ಅವಳನ್ನು ಯಾರೂ ಕರೆದಿರಲಿಲ್ಲ. ಅವನ ಮಗ ಶಿವಾನಂದನ ಮೊಬೈಲ್ ಸ್ಟೇಟಸ್ ನೋಡಿ ಮೂಡಲಗಿಯಿಂದ ಹೊರಟು ಬಂದಿದ್ದಳು.

ಕಟ್ಟೆಯ ಮೇಲೆ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹೆಗಲ ಮೇಲೆ ಅವನದೇ ಕಂಬಳಿ, ಹಣೆಗೆ ಭಂಡಾರದ ಅರಿಸಿನ. ಭೀಮಶಿಗೆ ಎಪ್ಪತ್ತೊಂದು ವರ್ಷ. ಅರ್ಧ ಆಯುಷ್ಯ ಕುರಿ ಕಾಯ್ದ, ಉಳಿದರ್ಧ ಎರಡು ಎಕರೆ ಕಬ್ಬು ಕಾಯ್ದ. ಊರಿನ ಯಾವ ಕುರಿಯ ಉಣ್ಣೆ ಕತ್ತರಿಸಬೇಕಾದರೂ ಕತ್ತರಿ ಅವನದೇ.

ಹೆಂಡತಿ ಸೀತವ್ವ ವಿದ್ಯಾಳ ಕೈ ಹಿಡಿದುಕೊಂಡಳು.

"ಬರ್ರಿ ಅಕ್ಕಾರ. ನಿಮ್ಮನ್ನ ಭಾಳ ನೆನಸ್ತಿದ್ರು. ವಿದ್ಯಾ ಅಕ್ಕಾರ ನನ್ನ ಮಾತ ಯುನಿವರ್ಸಿಟಿ ಕಪಾಟದಾಗ ಕೀಲಿ ಹಾಕಿ ಇಟ್ಟಾರ, ನನ್ನ ಮಗನಂಗಲ್ಲ ಅವರು, ಅಂತಿದ್ರು."

ವಿದ್ಯಾ ಕೈ ಬಿಡಿಸಿಕೊಂಡು ಹೆಂಗಸರ ಹಿಂದೆ ಹೋಗಿ ಕುಳಿತಳು.

ಬೇವಿನ ಗಿಡದ ಕೆಳಗೆ ಗಂಡಸರು ಮಾತಿಗೆ ತೊಡಗಿದ್ದರು. ಹಿರಿಯ ಉದ್ದಪ್ಪ ಬಾಜೂ ಮನೆಯ ಮುಚ್ಚಿದ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ.

"ಕರೆಪ್ಪ ಬಂದಿಲ್ಲಲ್ಲೋ."

"ಎರಡ ಹೆಜ್ಜಿ ಐತಿ ನೋಡ ಮನಿ. ಆ ಎರಡ ಹೆಜ್ಜಿ ಇಡಲಾರದ ಎರಡ ವರ್ಷ ಆಗಾಕ ಬಂತು," ಎಂದ ಬಾಳೇಶ. ಅವನು ಭೀಮಶಿಯ ತಂಗಿಯ ಮಗ.

"ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ. ಮೊದಲನೇ ಬುತ್ತಿ ಬಾಜೂ ಮನಿಯಿಂದ ಬರಬೇಕು. ಈಗ ಯಾರ ತರತಾರ?" ಎಂದ ಉದ್ದಪ್ಪ.

"ನಿನಗ ಬುತ್ತೀದ ಚಿಂತಿ."

"ನನಗಲ್ಲಪಾ, ಸೀತವ್ವಗ. ಮಗಾ ಮಾಡಿದ ಕೆಲಸಕ್ಕ ಆಕಿ ಯಾಕ ಉಪಾಸ ಇರಬೇಕು? ಅಪ್ಪನ ಗುಟ್ಟ ಯಾರರ ಮೊಬೈಲಿಗಿ ಬಿಡತಾರೇನು?"

ಎರಡು ಕೊಡ ನೀರು ಹೊತ್ತು ಅದೇ ಹಾದಿಯಲ್ಲಿ ಬಂದ ಶಿವಾನಂದ ಅದನ್ನು ಕೇಳಿದ. ತಲೆ ಎತ್ತದೆ ಹಿತ್ತಲಿಗೆ ಹೋದ.

*

2022ರ ಡಿಸೆಂಬರ್. 2019ರ ಮಹಾಪೂರದ ನೆನಪುಗಳು ವಿದ್ಯಾಳ ಪಿಎಚ್.ಡಿ. ವಿಷಯ. ಹೊಳೆದಂಡೆಯ ಊರುಗಳಲ್ಲಿ ಅರವತ್ತೊಂದು ಜನರನ್ನು ಮಾತಾಡಿಸಿ, ಧ್ವನಿಯನ್ನೆಲ್ಲ ವಿಶ್ವವಿದ್ಯಾಲಯ ಕೊಟ್ಟ ಖಾತೆಯ ಡ್ರೈವ್‌ನಲ್ಲಿ ಇಡುತ್ತಿದ್ದಳು. ಭೀಮಶಿ ಹದಿನೇಳನೆಯವನು.

"ಇದ ಎಲ್ಲಿ ಕುಂದರತೈತ್ರಿ ಅಕ್ಕಾರ?"

"ಯುನಿವರ್ಸಿಟಿ ಖಾತ್ಯಾಗ, ಕಾಕಾ. ಕಪಾಟ ಇದ್ದಂಗ. ಕೀಲಿ ನನ್ನ ಹಂತೇಕ ಅಷ್ಟ."

"ನೀವು ಕೀಲಿ ಕಳಕೊಂಡ್ರ?"

"ಅವರು ಹೊಸಾದ ಕೊಡತಾರ."

"ಚಲೋ ಐತಿ. ನಾ ಕಳಕೊಂಡ್ರ ಸೀತವ್ವ ರೊಟ್ಟಿ ಕೊಡಂಗಿಲ್ಲ."

ಬಳಿಯಲ್ಲಿದ್ದದ್ದು ಶಿವಾನಂದ ಒಬ್ಬನೇ. ನಲವತ್ತು ನಿಮಿಷ ಹೊಳೆಯ ಮಾತು, ಕುರಿಯ ಮಾತು. ಆಮೇಲೆ ಭೀಮಶಿ ಧ್ವನಿ ತಗ್ಗಿಸಿ ಯಾರಿಗೂ ಹೇಳದ್ದನ್ನು ಹೇಳಿದ. ನೀರು ಏರಿದ ದಿನ ಕರೆಪ್ಪ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದ. ತನ್ನ ನಾಲ್ಕು ಎಮ್ಮೆಗಳನ್ನು ನೋಡಿಕೊಳ್ಳಲು ಭೀಮಶಿಗೆ ಬಿಟ್ಟಿದ್ದ. ಭೀಮಶಿ ತನ್ನ ಹದಿನಾಲ್ಕು ಕುರಿಗಳನ್ನು ದಿನ್ನೆಗೆ ಹೊಡೆದ. ಹೊರಳಿ ನೋಡಿದರೆ ಎಮ್ಮೆಯ ಕೊಟ್ಟಿಗೆಯಲ್ಲಿ ಎದೆಮಟ್ಟದ ನೀರು. ಅವನು ಇಳಿಯಲಿಲ್ಲ.

"ಅಂಜಿದೆ. ನಾ ಹಗ್ಗಾ ಕೊಯ್ಯಲಿಲ್ರಿ. ಹೊಳಿ ಇಳದಮ್ಯಾಲ, ಕರೆಪ್ಪ ಬರೂದರೊಳಗ ಹ್ವಾದೆ. ಸತ್ತ ಎಮ್ಮಿ ಕೊಳ್ಳಾಗಿನ ಹಗ್ಗಾ ಕೊಯ್ದೆ. ನಾ ಬಿಚ್ಚಿ ಬಿಟ್ಟಿದ್ದೆ, ಅವು ಕೊಟ್ಟಿಗಿ ಬಿಟ್ಟ ಏಳಲಿಲ್ಲ ಅಂತ ಹೇಳಿದೆ."

2024ರ ಮಾರ್ಚ್‌ನಲ್ಲಿ ವಿದ್ಯಾ ಈ ಧ್ವನಿಗಳನ್ನು ಬರಹಕ್ಕಿಳಿಸಲು ಮೂಡಲಗಿಯ ಒಂದು ಟೈಪಿಂಗ್ ಅಂಗಡಿಗೆ ಒಪ್ಪಿಸಿದಳು. ಘಟಪ್ರಭಾದ ಬಸ್ಸಿನಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು ನಿಂತಿದ್ದಾಗ ಟೈಪಿಸ್ಟನ ಫೋನ್ ಬಂತು. "ತೆರೀವಲ್ದರಿ ಮೇಡಮ್, ಪರ್ಮಿಶನ್ ಕೇಳತೈತಿ." ಅವನ ಇಮೇಲ್ ಕೇಳಿ, ಅಕ್ಷರ ಬಿಡಿಸಿ ಬರೆದುಕೊಂಡು, ಅವನೊಬ್ಬನಿಗೇ ಅನುಮತಿ ಕೊಡಬೇಕಿತ್ತು. ಬಸ್ಸು ಕುಲುಕುತ್ತಿತ್ತು. ಲಿಂಕ್ ಇದ್ದ ಯಾರು ಬೇಕಾದರೂ ತೆರೆಯಬಹುದು ಎಂಬುದನ್ನು ಒತ್ತಿ ಲಿಂಕ್ ಕಳಿಸಿದಳು. ಇಳಿದ ಮೇಲೆ ಮುಚ್ಚಿದರಾಯಿತು ಅಂದುಕೊಂಡಳು.

ಮುಚ್ಚಲಿಲ್ಲ. ಹನ್ನೊಂದು ದಿನ ಹಾಗೇ ಇತ್ತು. ಟೈಪಿಸ್ಟ್ ಲಿಂಕನ್ನು ಗೆಳೆಯನಿಗೆ ಕಳಿಸಿದ. ಆ ಗೆಳೆಯ ಈ ಊರಿನ ಅಳಿಯ. ಯಾರೋ ಎಮ್ಮೆಯ ಮಾತಿದ್ದ ನಲವತ್ತು ಸೆಕೆಂಡು ಕತ್ತರಿಸಿ ಊರಿನ ವಾಟ್ಸಾಪ್ ಗುಂಪಿಗೆ ಬಿಟ್ಟರು. ಕತ್ತರಿಸಿದ ತುಣುಕು ಎಲ್ಲಿಂದ ಬಂತೆಂದು ಊರವರಿಗೆ ತಿಳಿಯಲಿಲ್ಲ, ಅಳಿಯ ಬಾಯಿ ಬಿಡಲಿಲ್ಲ. ಅದು ವಿದ್ಯಾಳ ಮೊಬೈಲಿಗೂ ಬಂತು. ಅವಳು ಒಂದು ನಿಮಿಷದಲ್ಲಿ ಲಿಂಕ್ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಹೇಳುವಾಗ ಬಳಿಯಲ್ಲಿದ್ದವನು ಮಗ ಒಬ್ಬನೇ. ಅಕ್ಕಾರ ಕಪಾಟಕ್ಕೆ ಕೀಲಿ ಇದೆ, ಮಗನೇ ಮೊಬೈಲಿನಲ್ಲಿ ಹಿಡಿದು ಬಿಟ್ಟಿದ್ದಾನೆ ಎಂದು ಭೀಮಶಿ ಲೆಕ್ಕ ಹಾಕಿದ. ಕರೆಪ್ಪ ಭೀಮಶಿಯ ಜೊತೆ ಮಾತು ಬಿಟ್ಟ, ಭೀಮಶಿ ಮಗನ ಜೊತೆ ಬಿಟ್ಟ.

*

ಹಿತ್ತಲಲ್ಲಿ ಶಿವಾನಂದ ಹೆಣದ ಸ್ನಾನಕ್ಕೆ ಹಂಡೆ ತುಂಬಿಸುತ್ತಿದ್ದ. ವಿದ್ಯಾ ಅವನ ಹಿಂದೆ ನಿಂತಳು.

"ಶಿವಾನಂದ, ಆ ಧ್ವನಿ ನಿಮ್ಮ ಮೊಬೈಲಿನಿಂದ ಹೋಗಿಲ್ಲ."

"ಅದ ನನಗ ಗೊತ್ತೈತ್ರಿ."

"ನನ್ನ ಖಾತೆಯಿಂದ ಹೋತು. ಲಿಂಕ್ ತೆರದ ಇಟ್ಟಿದ್ದೆ."

ಅವನು ಸುರಿಯುವುದನ್ನು ನಿಲ್ಲಿಸಲಿಲ್ಲ. ಹಂಡೆ ತುಂಬಿ ನೀರು ಕಾಲಡಿಗೆ ಹರಿಯಿತು.

"ನಿಮಗ ಯಾವಾಗ ಗೊತ್ತಾತು?"

"ಅವತ್ತ."

"ಇಪ್ಪತ್ತ ತಿಂಗಳಾತ್ರಿ." ಕೊಡ ಕೆಳಗಿಟ್ಟ. "ಅಪ್ಪಗ ರೊಟ್ಟಿ ನಾನ ಇಟ್ಟ ಬರತಿದ್ದೆ. ನಾ ಎದ್ದ ಹ್ವಾದಮ್ಯಾಲ ಉಣತಿದ್ದ."

ವಿದ್ಯಾ ಕ್ಷಮೆಯ ಮಾತು ತೆಗೆದಳು. ಅವನು ಕೈ ಅಡ್ಡ ಮಾಡಿದ.

"ಅದ ಬ್ಯಾಡ್ರಿ. ಪೂರಾ ಮಾತ ಐತೇನು ನಿಮ್ಮ ಹಂತೇಕ?"

"ಒಂದ ತಾಸ ಹನ್ನೆರಡ ನಿಮಿಷ."

"ನನಗ ಇವತ್ತ ಕೇಳಾಕ ಆಗಂಗಿಲ್ಲ. ಕರೆಪ್ಪ ಕಾಕಾಗ ಕೇಳಸ್ರಿ, ಮಣ್ಣ ಹಾಕೂ ಮೊದಲ. ಹೊರಗ ಬಿಟ್ಟವರು ಯಾರು ಅಂತ ಕೇಳಿದ್ರ ನಿಮ್ಮ ಹೆಸರ ಹೇಳ್ರಿ."

ಕರೆಪ್ಪನ ಬಾಗಿಲು ತೆರೆದದ್ದು ಅವನ ಹೆಂಡತಿ ಕಾಶೆವ್ವ. ಮೊದಲೆಲ್ಲ ವಿದ್ಯಾ ಈ ಓಣಿಗೆ ಬಂದಾಗ ಚಹಾ ಕುಡಿಸದೆ ಅವಳನ್ನು ಕಳಿಸಿದವಳಲ್ಲ. ಒಳಗೆ ಕರೆಪ್ಪ ಜೋಳದ ಚೀಲದ ಮೇಲೆ, ಭೀಮಶಿಯ ಮನೆಗೆ ಬೆನ್ನು ಮಾಡಿ ಕುಳಿತಿದ್ದ. ವಿದ್ಯಾ ನಿಂತೇ ಎಲ್ಲ ಹೇಳಿದಳು. ಬಸ್ಸು, ಲಿಂಕ್, ಹನ್ನೊಂದು ದಿನ, ತಾನು ಬಾಯಿ ಮುಚ್ಚಿಕೊಂಡಿದ್ದ ಇಪ್ಪತ್ತು ತಿಂಗಳು. ಅವನು ಮುಖ ತಿರುಗಿಸಲಿಲ್ಲ. ಅವಳು ಡ್ರೈವ್ ತೆರೆದು, ಐವತ್ತೆರಡನೆಯ ನಿಮಿಷಕ್ಕೆ ಸರಿಸಿ, ಧ್ವನಿ ತಗ್ಗಿಸಿ ಹಚ್ಚಿದಳು.

ಭೀಮಶಿ ಕೆಮ್ಮಿದ.

"...ಏಳ ಸಲಾ ಹ್ವಾದೆರಿ ಅವನ ಮನಿಗಿ. ಇವತ್ತ ಹೇಳೇ ಬಿಡತೀನಿ ಅಂತ ಹೋಗತಿದ್ದೆ. ಹೋದಕೂಡ್ಲೆ ಕಾಶೆವ್ವ ಚಹಾ ತಂದ ಕೈಯಾಗ ಕೊಡತಿದ್ಲು. ಆ ಮನಿ ಚಹಾ ಕುಡಕೋತ ಆ ಮಾತ ಹೆಂಗ ಆಡೂದ್ರಿ? ಕುಡದ ಎದ್ದ ಬರತಿದ್ದೆ. ಕರೆಪ್ಪ ಸಿಟ್ಟಾಗಲಿ, ಹೊಡೀಲಿ, ಅದಕ್ಕಲ್ಲ. ಅವ 'ಇರಲಿ ಬಿಡ' ಅಂದ ಬಿಟ್ರ ಏನ ಮಾಡಲಿ ಅಂತ ಅಂಜಿಕಿ."

ಕರೆಪ್ಪ ಈ ಕಡೆ ತಿರುಗಿದ. "ಇನ್ನೊಮ್ಮಿ ಹಚ್ಚ."

ಹಚ್ಚಿದಳು. ಓಣಿಯ ಆಚೆಯಿಂದ ಡೊಳ್ಳಿನ ಸದ್ದು ಬಂತು, ಹೆಣ ಎತ್ತುವ ತಯಾರಿ.

"ಇಷ್ಟ ಇತ್ತು ನಿನ್ನ ಹಂತೇಕ," ಎಂದ ಕರೆಪ್ಪ. "ಅದ ಹೋತು ಹೊರಗ. ಇದನ್ಯಾಕ ಇಟಗೊಂಡಿ?"

ವಿದ್ಯಾ ಮೊಬೈಲ್ ಆರಿಸಿದಳು.

"ಏಳ ಸಲಾ ಅಂತ," ಎಂದಳು ಕಾಶೆವ್ವ, ಯಾರಿಗೂ ಅಲ್ಲ. "ನಾ ಸಕ್ಕರಿ ಜಾಸ್ತಿ ಹಾಕತಿದ್ದೆ ಅವಂಗ."

ಕರೆಪ್ಪ ರುಮಾಲು ಸುತ್ತಿಕೊಂಡು ಎದ್ದ. ಹೊರಗೆ ಬಂದು ಎರಡು ಹೆಜ್ಜೆ ಇಟ್ಟ. ಬೇವಿನ ಗಿಡದ ಕೆಳಗಿನವರು ಸರಿದು ಹಾದಿ ಬಿಟ್ಟರು. ಅವನು ಉದ್ದಪ್ಪನ ಕಿವಿಯಲ್ಲಿ ಏನೋ ಹೇಳಿದ. ಉದ್ದಪ್ಪ ಮೊದಲು ಶಿವಾನಂದನನ್ನು ನೋಡಿದ, ಆಮೇಲೆ ವಿದ್ಯಾಳನ್ನು. ಮಾತು ಬಾಯಿಂದ ಬಾಯಿಗೆ ದಾಟಿ, ಹೆಣ ಏಳುವ ಹೊತ್ತಿಗೆ ಹೆಂಗಸರ ಸಾಲನ್ನೂ ಮುಟ್ಟಿತು. ಸೀತವ್ವ ವಿದ್ಯಾಳ ಕಡೆ ನೋಡಲಿಲ್ಲ. ಮಗನನ್ನು ಬಳಿಗೆ ಕರೆದು, ಅವನ ಹೆಗಲ ಮೇಲಿನ ಒದ್ದೆ ಟವೆಲ್ ತೆಗೆದು ಒಣಗಿದ್ದನ್ನು ಹಾಕಿದಳು.

ಎರಡೂವರೆಗೆ ಕಬ್ಬಿನ ಬದುವಿನಲ್ಲಿ ಮಣ್ಣಾಯಿತು. ಮೊದಲ ಹಿಡಿ ಮಣ್ಣು ಶಿವಾನಂದನದು, ಎರಡನೆಯದು ಕರೆಪ್ಪನದು.

ನಾಲ್ಕಕ್ಕೆ ಕಾಶೆವ್ವ ಬುತ್ತಿ ತಂದಳು. ರೊಟ್ಟಿ, ನುಚ್ಚು, ಬೇಳೆಸಾರು, ಒಂದು ದೊಡ್ಡ ಕೆಟಲ್ ತುಂಬ ಚಹಾ. ಕಟ್ಟೆಯ ಮೇಲೆ ಭೀಮಶಿಯನ್ನು ಕೂರಿಸಿದ್ದ ಜಾಗದಲ್ಲಿ ಮೊದಲ ಕಪ್ಪು ಇಟ್ಟಳು. ಆಮೇಲೆ ಸೀತವ್ವನಿಗೆ, ಶಿವಾನಂದನಿಗೆ, ಉದ್ದಪ್ಪನಿಗೆ, ಸಾಲಾಗಿ ಕುಳಿತ ಎಲ್ಲರಿಗೂ ಸುರಿದಳು. ಸಾಲಿನ ಕೊನೆಯಲ್ಲಿ ವಿದ್ಯಾ ಇದ್ದಳು. ಅವಳ ಮುಂದೆ ಬಂದಾಗ ಕಾಶೆವ್ವ ಕೆಟಲ್ ಅಲುಗಾಡಿಸಿ ನೋಡಿದಳು. ಒಳಗೆ ಚಹಾ ಸದ್ದು ಮಾಡಿತು. ಅವಳು ಅದನ್ನು ಒಳಗೆ ಒಯ್ದಿಟ್ಟಳು.

ವಿದ್ಯಾ ಐದೂ ಹತ್ತರ ಬಸ್ಸಿಗೆ ಮೂಡಲಗಿಗೆ ಹೋದಳು.