ಎಡಗಡೆ ಅಂಬ್ರೋಸನ ಬಂದೂಕು

ರೆಗುಲಾ ತ್ಸುರ್‌ಫ್ಲೂಳ ಕಬ್ಬಿಣದ ಬೀರುವಿನಲ್ಲಿ ಹದಿಮೂರು ಹಳೆಯ ಸೈನ್ಯದ ಬಂದೂಕುಗಳಿದ್ದವು. ಹದಿಮೂರೂ ಗುಂಡು ಹಾರಿಸುತ್ತಿದ್ದವು. ಬಂದೂಕನ್ನು ಗಾಜಿನ ಹಿಂದಿಟ್ಟು ನೋಡಿ ಸಂತೋಷಪಡುವವರನ್ನು ಕಂಡರೆ ಅವಳಿಗೆ ಅಯ್ಯೋ ಪಾಪ ಎನಿಸುತ್ತಿತ್ತು. ಎಂದೋ ಯಾರೋ ಅರೆದು, ಉಜ್ಜಿ, ಕೂಡಿಸಿದ ಉಕ್ಕು ಇವತ್ತಿಗೂ ಮುನ್ನೂರು ಮೀಟರ್ ಆಚೆಯ ಕಪ್ಪು ವೃತ್ತದ ನಡುಮಧ್ಯಕ್ಕೆ ತೂತು ಕೊರೆಯುತ್ತದಲ್ಲ, ಆ ಖುಷಿ ಅವಳಿಗೆ ಬೇಕಿತ್ತು. ಕಸುಬಿನಲ್ಲಿ ಅವಳು ಬಡಗಿ. ಮರಕ್ಕೂ ಕಬ್ಬಿಣಕ್ಕೂ ಜಗಳ ಬಿದ್ದರೆ ತಪ್ಪು ಯಾರದೆಂದು ಅವಳ ಬೆರಳುಗಳಿಗೆ ಗೊತ್ತಾಗುತ್ತಿತ್ತು.

ಹದಿನಾಲ್ಕನೆಯದನ್ನು ಅವಳು ಲುಝೆರ್ನ್‌ನ ಹರಾಜಿನಲ್ಲಿ ಕೊಂಡು ತಂದಳು. ೧೯೩೧ರ ಮಾದರಿಯ ಕಾರ್ಬೈನು, ಸ್ವಿಸ್ ಸೈನ್ಯದ ಗಿಡ್ಡ ಬಂದೂಕು. ಸೈನಿಕರು ಬೂಟಿಗೆ ಹತ್ತಿದ ಹಿಮವನ್ನು ಅದರಿಂದಲೇ ಕುಟ್ಟಿ ಕುಟ್ಟಿ ಹಿಂಬದಿಯ ಮರವೆಲ್ಲ ಚಕ್ಕೆ ಎದ್ದಿತ್ತು. ಶನಿವಾರ ಊರಿನ ಶೂಟಿಂಗ್ ಮನೆಗೆ ಒಯ್ದು, ಚಾಪೆಯ ಮೇಲೆ ಮಲಗಿ ಗುರಿಯಿಟ್ಟಳು. ಮೊದಲೆರಡು ಗುಂಡು ನಟ್ಟನಡುವೆ. ಮೂರನೆಯದು ಎಡಕ್ಕೆ. ನಾಲ್ಕನೆಯದು ಇನ್ನೂ ಎಡಕ್ಕೆ. ಆರನೆಯದು ಕಪ್ಪು ವೃತ್ತವನ್ನೇ ಬಿಟ್ಟು ಹೋಯಿತು.

ಶೂಟಿಂಗ್ ಸಂಘದ ಅಧ್ಯಕ್ಷ ಕಾಸ್ಪರ್ ಇಮ್‌ಹೋಲ್ಟ್ಸ್ ಪಕ್ಕದ ಪರದೆಯಲ್ಲಿ ಅಂಕ ನೋಡಿ ನಕ್ಕ. "ಏನೇ ರೆಗುಲಾ, ಗುಂಡು ಹಾರಿಸ್ತಿದ್ದೀಯೋ, ಬೇಲಿಗೆ ಗೂಟ ಹೊಡೀತಿದ್ದೀಯೋ?"

"ನಗು, ನಗು. ಇದಕ್ಕೇನೋ ಕಾಯಿಲೆ ಇದೆ."

ಮನೆಯಲ್ಲಿ ಬಂದೂಕಿನ ಹಿಂಬದಿಯ ತಗಡು ಬಿಚ್ಚಿದಾಗ ಅದರಡಿ ಮಡಚಿಟ್ಟ ಚೀಟಿಯೊಂದು ಸಿಕ್ಕಿತು. ತಮ್ಮ ಹೆಸರು, ದಳ, ಊರು ಬರೆದಿಡುವುದು ಆಗಿನ ಸೈನಿಕರ ರೂಢಿ. ಮಾಸಿದ ಶಾಯಿಯಲ್ಲಿ 'ಅಂಬ್ರೋಸ್ ಹೆರ್ಗರ್' ಎಂದಿತ್ತು. ಊರು ಇದೇ ಕಣಿವೆಯದು.

ಕಾಸ್ಪರನಿಗೆ ಫೋನು ಮಾಡಿದಳು.

"ಎಡಗಡೆ ಅಂಬ್ರೋಸನಾ?" ಅವನು ಬೆರಗಾದ. "ಇನ್ನೂ ಇದಾನೆ ಕಣೇ, ಆಲ್ಟ್‌ಡೋರ್ಫ್‌ನಲ್ಲಿ, ಮಗಳ ಮನೇಲಿ. ತೊಂಬತ್ತೊಂದೋ ಏನೋ. ಕಮ್ಯುನಿಸ್ಟ್ ಅಂತ ಆ ಹೆಸರು ಬಂತು ಅಂದ್ಕೊಂಡಿದ್ದೆ ನಾನು."

ಮುದುಕನ ಕಣ್ಣು ಒದ್ದೆಯಾದೀತು ಎಂದುಕೊಂಡೇ ರೆಗುಲಾ ಅವನನ್ನು ನೋಡಲು ಹೋದಳು. ಮೊಬೈಲಿನಲ್ಲಿ ಬಂದೂಕಿನ ಚಿತ್ರ ಕಂಡದ್ದೇ ಅಂಬ್ರೋಸ್ ಕಾಫಿ ಲೋಟ ಕುಕ್ಕಿದ.

"ಈ ದರಿದ್ರದ್ದು ಇನ್ನೂ ಬದುಕಿದೆಯಾ!"

"ಯಾಕಜ್ಜಾ, ಅಷ್ಟು ಸಿಟ್ಟು?"

"ಸಿಟ್ಟಲ್ಲದೆ ಇನ್ನೇನು? ವರ್ಷಾ ವರ್ಷಾ ಊರಿನ ಪಂದ್ಯದಲ್ಲಿ ಮಾನ ಕಳೀತು. ಮೂರು ಸಲ ಸೈನ್ಯದ ರಿಪೇರಿಯವನ ಹತ್ರ ಒಯ್ದೆ. ಅವನು ಎರಡೇ ಗುಂಡು ಹಾರಿಸೋನು. 'ಬಂದೂಕು ಬಂಗಾರ, ನಿನ್ನ ಕಣ್ಣು ತೋರಿಸ್ಕೋ ಹೋಗು' ಅನ್ನೋನು. ಕೊನೆಗೆ ಎಲ್ಲರೂ ಎಡಗಡೆ ಅಂಬ್ರೋಸ್ ಅಂತ ಕರೆದ್ರು. ನನ್ನ ಮದುವೇಲೂ ಕರೆದ್ರು, ಮಗಳೇ!"

ರೆಗುಲಾ ಎದ್ದು ನಿಂತಳು. ಎರಡೇ ಗುಂಡು! ನಳಿಗೆ ತಣ್ಣಗಿರುವಾಗ ನೆಟ್ಟಗೆ, ಬಿಸಿಯಾದ ಮೇಲೆ ಎಡಕ್ಕೆ. "ಅಜ್ಜಾ, ತಪ್ಪು ನಿಮ್ಮ ಕಣ್ಣಿನದಲ್ಲ. ಒಂದು ವಾರ ಕೊಡಿ ನನಗೆ."

ಆ ಸಂಜೆಯೇ ಅವಳು ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಮೆಲ್ಲಗೆ ಎಳೆದಳು. ಸಲೀಸಾಗಿ ಬಂದದ್ದು ಬಲಬದಿಯಲ್ಲಿ, ನಳಿಗೆಯನ್ನು ಮರಕ್ಕೆ ಬಿಗಿಯುವ ಮುಂದಿನ ಕಬ್ಬಿಣದ ಪಟ್ಟಿಯ ಹತ್ತಿರ, ಗಕ್ಕನೆ ನಿಂತಿತು. ಅಲ್ಲಿ ಮರ ಒಂದಿಷ್ಟು ಉಬ್ಬಿ ನಳಿಗೆಯನ್ನು ಎಡಕ್ಕೆ ಒತ್ತುತ್ತಿತ್ತು. ನಳಿಗೆ ಕಾದಷ್ಟೂ ಒತ್ತಡ ಹೆಚ್ಚು.

ನೋಡಲು ಬಂದಿದ್ದ ಕಾಸ್ಪರ್ ಕೈ ಅಡ್ಡ ಹಿಡಿದ. "ಉಜ್ಜಬೇಡ ಮಾರಾಯ್ತಿ! ಮೂಲದ ಮರ ಅದು. ಮುಟ್ಟಿದ್ರೆ ಬೆಲೆ ಅರ್ಧಕ್ಕೆ ಬೀಳತ್ತೆ."

"ಮಾರೋದಕ್ಕೆ ತಂದಿದ್ದಲ್ಲ."

"ನೋಡ್ದೋರು ಏನಂತಾರೆ?"

"ಒಳಗಿನ ಮರ ಯಾರು ನೋಡ್ತಾರೋ? ಕೈ ತೆಗಿ."

ಕೋಲಿಗೆ ಉಪ್ಪುಕಾಗದ ಸುತ್ತಿ ಅವಳು ಎಂಟು ಸಲ ಎಳೆದಳು. ಕೈಗೆ ಹತ್ತಿದ್ದು ಚಿಟಿಕೆಯಷ್ಟು ಪುಡಿ. ಕಾಗದದ ಪಟ್ಟಿ ಈಗ ತುದಿಯಿಂದ ತುದಿಗೆ ಎಲ್ಲೂ ತಡೆಯದೆ ಓಡಿತು.

ಮುಂದಿನ ಶನಿವಾರ ಅಂಬ್ರೋಸನ ಮಗಳು ಅವನನ್ನು ಕಾರಿನಲ್ಲಿ ಶೂಟಿಂಗ್ ಮನೆಗೆ ಕರೆತಂದಳು. ಇಸ್ತ್ರಿ ಮಾಡಿದ ಅಂಗಿ, ಕತ್ತಿಗೆ ಟೈ. ಮಲಗಲು ಆಗದೆಂದು ಮೇಜು, ಕುರ್ಚಿ, ಬಂದೂಕಿಗೆ ಮರಳಿನ ಚೀಲ ಹಾಕಿಕೊಟ್ಟರು. ಅವನು ಬಂದೂಕಿನ ಚಿಲಕವನ್ನು ನೇರ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ ರೀತಿ ನೋಡಿ ಅಲ್ಲಿದ್ದವರು ಹತ್ತಿರ ಸರಿದು ನಿಂತರು. ಹೇಗೆಂದು ಯೋಚಿಸಲೇ ಇಲ್ಲ ಆ ಕೈ.

"ಕಣ್ಣು ಕಾಣತ್ತಾ, ಅಜ್ಜಾ?" ಕಾಸ್ಪರ್ ಕೇಳಿದ.

"ಪೊರೆ ತೆಗೆಸಿದೀನಿ. ನೀನು ಆಚೆ ಸರಿ, ನಿನ್ನ ಹೊಟ್ಟೆ ಬೆಳಕಿಗೆ ಅಡ್ಡ ಬರ್ತಿದೆ."

ಮೊದಲೆರಡು ನಡುವಿಗೆ ಬಿದ್ದವು. ಮೂರನೆಯದಕ್ಕೆ ಮುಂಚೆ ಮುದುಕ ತಡೆದ. ರೆಗುಲಾ ನೋಡಿದಳು, ಅವನ ನಳಿಗೆ ರೂಢಿಯಿಂದ ಬಲಕ್ಕೆ ಸರಿಯುತ್ತಿತ್ತು.

"ಬೇಡಜ್ಜಾ. ನೇರ ಹೊಡೀರಿ."

"ನಿಜವಾಗ್ಲೂ?"

"ನಾನು ಹೇಳ್ತಿದೀನಲ್ಲ."

ಮೂರನೆಯದು ನಡುವೆ. ನಾಲ್ಕು, ಐದು, ಆರು. ಹೊಸ ಗುಂಡುಗಳ ಪಟ್ಟಿಯನ್ನು ಬಂದೂಕಿಗೆ ಒತ್ತಿ ತುಂಬಿಕೊಂಡು ಏಳು, ಎಂಟು, ಒಂಬತ್ತು. ಹತ್ತನೆಯದು ಮಾತ್ರ ಒಂಚೂರು ಕೆಳಗೆ ಜಾರಿತು. ಅದು ಅವನ ಭುಜದ ದಣಿವು. ಎಡಕ್ಕೆ ಒಂದೂ ಹೋಗಲಿಲ್ಲ. ನೂರಕ್ಕೆ ತೊಂಬತ್ತೆಂಟು.

ಅಂಬ್ರೋಸ್ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ ಪರದೆಯನ್ನೇ ನೋಡುತ್ತ ಕುಳಿತ. ಆಮೇಲೆ ತಿರುಗಿ, ಮನೆಯಿಡೀ ಕೇಳುವಂತೆ ಕೂಗಿದ: "ಎಲ್ಲರೂ ನೋಡಿದ್ರಾ?"

"ನೋಡಿದ್ವಿ," ಎಂದ ಕಾಸ್ಪರ್, ಟೋಪಿ ತೆಗೆದು. "ನಾವೂ ಹಾಗೇ ಕರೀತಿದ್ವಿ, ಅಜ್ಜಾ. ತಪ್ಪಾಯ್ತು."

"ಬಂದೂಕು ನೀವೇ ಇಟ್ಕೊಳ್ಳಿ," ಎಂದಳು ರೆಗುಲಾ. ಬೀರುವಿನಲ್ಲಿ ಮತ್ತೆ ಹದಿಮೂರೇ ಉಳಿಯುತ್ತಿದ್ದರೂ ಮಾತು ಮನಸ್ಸಿನಿಂದಲೇ ಬಂದಿತ್ತು.

"ಬೇಡಮ್ಮಾ! ಎಣ್ಣೆ ಹಚ್ಚಿ ಒರೆಸಿ ಸಾಕಾಗಿದೆ. ಅದು ನಿನ್ನ ಹತ್ರಾನೇ ಇರ್ಲಿ. ನಾನು ಶನಿವಾರ ಶನಿವಾರ ಬಂದು ಹೊಡೀತೀನಿ, ಒರೆಸೋದು ನೀನು."

ಮಗಳು ಗಡಿಯಾರ ತೋರಿಸಿದರೂ ಅವನು ಏಳಲಿಲ್ಲ. ಸುಟ್ಟ ಸಾಸೇಜ್ ತರಿಸಿಕೊಂಡು, ಪಕ್ಕದ ಚಾಪೆಯಲ್ಲಿ ಮಲಗಿದ್ದ ಬ್ಯಾಂಕಿನ ಗುಮಾಸ್ತನಿಗೆ ಮೊಣಕೈ ಎಲ್ಲಿಡಬೇಕೆಂದು ಬೈದು ಬೈದು ಹೇಳಿಕೊಡತೊಡಗಿದ. ರೆಗುಲಾ ಬಿಸಿ ನಳಿಗೆಗೆ ಎಣ್ಣೆಬಟ್ಟೆ ತೂರಿಸುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.